ಕೊಂಡ ಹಾಡು ಸಿ.ಡಿ.ಗೆ ಇಳಿಯದಿದ್ದಾಗ

2003ರಿಂದ 2009ರ ನಡುವೆ ಅಮೆರಿಕದಲ್ಲಿದ್ದು, ಇಂಟರ್‌ನೆಟ್ಟಿನಲ್ಲಿ ದುಡ್ಡು ಕೊಟ್ಟು ಹಾಡು ಕೊಂಡವರಲ್ಲಿ ನಮ್ಮವರೂ ಇದ್ದಾರೆ. ಅವರ ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ಎಂ4ಪಿ, ಡಬ್ಲ್ಯುಎಂಎ ಎಂಬ ಬಾಲವುಳ್ಳ ಫೈಲುಗಳು ಈಗಲೂ ಬಿದ್ದಿರುತ್ತವೆ. ಹಾಡು ಇದೆ, ಕೊಂಡ ರಸೀದಿಯೂ ಇದೆ. ಆದರೆ ಸಿ.ಡಿ. ಮಾಡಿಕೊಳ್ಳಲು ಹೊರಟರೆ ಅನೇಕ ಸಲ ಕಂಪ್ಯೂಟರು ಒಪ್ಪುವುದಿಲ್ಲ. ಆ ಹಾಡುಗಳಲ್ಲಿ ಹೆಚ್ಚಿನವನ್ನು ಇನ್ನೂ ಉಳಿಸಿಕೊಳ್ಳಬಹುದು ಎಂಬ ಕಾರಣಕ್ಕೇ ಈ ವಾರ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಅಡ್ಡ ನಿಂತಿರುವುದು ಡಿ.ಆರ್.ಎಂ. ಎಂಬ ಬೀಗ. ಹಾಡನ್ನು ಗೂಢಲಿಪಿಯಲ್ಲಿಟ್ಟು, ಬಿಡಿಸುವ ಕೀಲಿಯನ್ನು ಬೇರೆ ಕಡೆ ಇಡುತ್ತಾರೆ. ಆಪಲ್ 2003ರ ಏಪ್ರಿಲ್ 28ರಂದು ಐಟ್ಯೂನ್ಸ್ ಮಳಿಗೆ ತೆರೆದು ಹಾಡಿಗೆ 99 ಸೆಂಟ್‌ನಂತೆ ಮಾರತೊಡಗಿದಾಗ, ಬದಲಿಸದ ಒಂದು ಪ್ಲೇಲಿಸ್ಟನ್ನು ಹತ್ತು ಸಲ ಸಿ.ಡಿ.ಗೆ ಬರ್ನ್ ಮಾಡಬಹುದಿತ್ತು. ಮರುವರ್ಷ ಅದನ್ನು ಏಳಕ್ಕೆ ಇಳಿಸಿದರು. ಮನೆಬಳಕೆಗೆ ಅಷ್ಟು ಧಾರಾಳವಾಗಿ ಸಾಕು. ಮೈಕ್ರೋಸಾಫ್ಟ್ ತಂತ್ರಜ್ಞಾನ ಬಳಸಿದ ಮಳಿಗೆಗಳದ್ದೇ ಹೆಚ್ಚು ತೊಡಕು. ಅಲ್ಲಿ ಪ್ರತಿ ಹಾಡಿಗೂ ಅದರದೇ ಪರವಾನಗಿ. ಎಷ್ಟು ಸಲ ಬರ್ನ್ ಮಾಡಬಹುದು, ಮಾಡಲೇಬಾರದೇ ಎಂಬುದೆಲ್ಲ ಅದರಲ್ಲಿ ನಮೂದಾಗಿರುತ್ತಿತ್ತು. ತಿಂಗಳ ಚಂದಾದ ಮೇಲೆ ಇಳಿಸಿಕೊಂಡ ಹಾಡುಗಳಿಗೆ ಕೇಳುವ ಹಕ್ಕು ಮಾತ್ರ, ಸಿ.ಡಿ.ಯ ಹಕ್ಕಿಲ್ಲ. ಕೊಂಡದ್ದೂ ಚಂದಾದ್ದೂ ಒಂದೇ ಪಟ್ಟಿಯಲ್ಲಿ ಬೆರೆತಿದ್ದರೆ ಯಾವುದು ಯಾವುದೆಂದು ಕೇಳುಗನಿಗೆ ಗೊತ್ತಾಗುತ್ತಿರಲಿಲ್ಲ.

ಈ ಪರವಾನಗಿ ಕುಳಿತಿರುವುದು ಆ ಒಂದು ಕಂಪ್ಯೂಟರಿನಲ್ಲಿ. ವಿಂಡೋಸ್ ಹೊಸದಾಗಿ ಹಾಕಿಸಿದರೆ ಹೋಯಿತು, ಮತ್ತೆ ಮಳಿಗೆಯ ಸರ್ವರನ್ನೇ ಕೇಳಬೇಕು. ಮಳಿಗೆಯೇ ಮುಚ್ಚಿದರೆ? ಮೈಕ್ರೋಸಾಫ್ಟಿನದೇ ಮಳಿಗೆಯಾದ ಎಂ.ಎಸ್.ಎನ್. ಮ್ಯೂಸಿಕ್ 2006ರಲ್ಲಿ ಮಾರಾಟ ನಿಲ್ಲಿಸಿತು. ಹೊಸ ಕಂಪ್ಯೂಟರಿಗೆ ಕೀಲಿ ಕೊಡುವುದನ್ನು 2008ರ ಆಗಸ್ಟ್ 31ಕ್ಕೆ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಹೇಳಿದಾಗ ಗದ್ದಲವಾಗಿ, ಗಡುವು 2011ರ ಕೊನೆಯವರೆಗೆ ಮುಂದಕ್ಕೆ ಹೋಯಿತು. ಅದೇ 2008ರಲ್ಲಿ ಯಾಹೂ ತನ್ನ ಮಳಿಗೆ ಮುಚ್ಚುವಾಗ, ಕೊಂಡ ಹಾಡುಗಳನ್ನು ಆಡಿಯೊ ಸಿ.ಡಿ.ಗೆ ಇಳಿಸಿಟ್ಟುಕೊಳ್ಳಿ ಎಂದು ಗ್ರಾಹಕರಿಗೆ ತಿಳಿಸಿತು. ಬೀಗ ಹಾಕಿ ಮಾರಿದವರೇ ಕೊನೆಗೆ ಸಿ.ಡಿ.ಯ ಕಡೆ ಕೈ ತೋರಿಸಬೇಕಾಯಿತು.

ಈ ಬೀಗ ಕಳ್ಳರನ್ನು ತಡೆಯಲಿಲ್ಲ. ಕಂಪನಿಗಳು ಅದೇ ಹಾಡನ್ನು ಬೀಗವಿಲ್ಲದ ಸಿ.ಡಿ.ಯಲ್ಲೂ ಮಾರುತ್ತಿದ್ದವು. ಸ್ಟೀವ್ ಜಾಬ್ಸ್ 2007ರ ಫೆಬ್ರವರಿಯಲ್ಲಿ ಬರೆದ ಬಹಿರಂಗ ಪತ್ರದ ಮುಖ್ಯ ವಾದವೂ ಇದೇ. ಅದೇ ವರ್ಷ ಇ.ಎಂ.ಐ. ಎಂಬ ಸಂಗೀತ ಕಂಪನಿ ತನ್ನ ಹಾಡುಗಳ ಬೀಗ ತೆಗೆಯಿತು, 2009ರ ಜನವರಿಯಲ್ಲಿ ಆಪಲ್ ಎಲ್ಲ ಹಾಡುಗಳಿಗೂ ಅದನ್ನು ಘೋಷಿಸಿತು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಎಂಬ ಸಂಗೀತ ಮಳಿಗೆ ತೆರೆದಾಗ ಮಾರಿದ್ದು ಬೀಗವಿಲ್ಲದ ಎಂಪಿ3ಗಳನ್ನು. ಮರುವರ್ಷ ಅದು ಮುಚ್ಚಿದರೂ ಕೊಂಡವರ ಹಾಡುಗಳಿಗೆ ಏನೂ ಆಗಲಿಲ್ಲ. ಐಟ್ಯೂನ್ಸ್ ಮಳಿಗೆ ಭಾರತಕ್ಕೆ ಬಂದದ್ದು 2012ರ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಅದರ ಹಾಡುಗಳಿಗೂ ಬೀಗವಿರಲಿಲ್ಲ. ಹಾಗಾಗಿ ಕಷ್ಟ ಉಳಿದಿರುವುದು ಮೊದಲೇ ಕೊಂಡವರಿಗೆ. ಕದಿಯದೆ, ನಿಯತ್ತಾಗಿ ದುಡ್ಡು ಕೊಟ್ಟವರಿಗೇ ಹೀಗಾಯಿತಲ್ಲ ಎಂಬ ಸಿಟ್ಟು ನನಗೆ ಈಗಲೂ ಇದೆ.

ಇನ್ನು ಆ ಹಾಡುಗಳನ್ನು ಉಳಿಸಿಕೊಳ್ಳುವ ಬಗೆ. ಮೊದಲ ಮಾತು: ಹಾಡು ಕೊಂಡ ಆ ಹಳೆಯ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಬೇಡಿ. ಹಾಡು ಅಲ್ಲಿ ಇನ್ನೂ ನುಡಿಯುತ್ತಿದ್ದರೆ ಕೀಲಿ ಜೀವಂತವಾಗಿದೆ ಎಂದರ್ಥ. ಆಪಲ್ ಫೈಲುಗಳಿಗೆ, ಆಗ ಕೊಂಡ ಖಾತೆಯ ಪಾಸ್‌ವರ್ಡ್ ಬೇಕು. ಬರ್ನ್ ಮಾಡುವಾಗ ಆಡಿಯೊ ಸಿ.ಡಿ. ಎಂಬುದನ್ನೇ ಆರಿಸಿ. ಡೇಟಾ ಸಿ.ಡಿ. ಆರಿಸಿದರೆ ಫೈಲು ಬೀಗದ ಸಮೇತ ನಕಲಾಗುತ್ತದೆ, ಅದನ್ನು ಪ್ಲೇಯರು ನುಡಿಸುವುದಿಲ್ಲ. ಎಂಪಿ3 ಸಿ.ಡಿ. ಎಂದರೆ ಐಟ್ಯೂನ್ಸ್ ಬೀಗವಿರುವ ಹಾಡನ್ನು ಮುಟ್ಟುವುದೇ ಇಲ್ಲ. ಆಡಿಯೊ ಸಿ.ಡಿ.ಯಲ್ಲಿ ಹಾಡು ಪೂರ್ತಿ ಬಿಚ್ಚಿಕೊಂಡು ಬರಿಯ ಧ್ವನಿಯಾಗಿ, ಸೆಕೆಂಡಿಗೆ 44,100 ಮಾದರಿಗಳಂತೆ, 16 ಬಿಟ್‌ನಲ್ಲಿ ಇಳಿಯುತ್ತದೆ. ಆ ವಿನ್ಯಾಸದಲ್ಲಿ ಇಂಥ ಬೀಗಕ್ಕೆ ಜಾಗವೇ ಇಲ್ಲ. ಒಂದು ತಟ್ಟೆಗೆ 80 ನಿಮಿಷ.

ಕಛೇರಿಗಳ ಧ್ವನಿಮುದ್ರಣ ಇದ್ದವರು ಹಾಡುಗಳ ನಡುವಿನ ಅಂತರವನ್ನು ಸೊನ್ನೆ ಮಾಡಿಕೊಳ್ಳಬೇಕು. ರಾಗ, ತಾನ, ಪಲ್ಲವಿಯನ್ನು ಮೂರು ಫೈಲು ಮಾಡಿ ಮಾರಿರುತ್ತಾರೆ. ತಾನ ಮುಗಿದು ಪಲ್ಲವಿ ಎತ್ತಿಕೊಳ್ಳುವ ಕಡೆ ಎರಡು ಸೆಕೆಂಡು ತಂಬೂರಿ ಸತ್ತರೆ, ಅಷ್ಟು ಹೊತ್ತು ಕಟ್ಟಿದ ಮನೋಧರ್ಮವೆಲ್ಲ ಅಲ್ಲಿ ಕಡಿದುಹೋಗುತ್ತದೆ.

ಇನ್ನು ನಾದದ ಮಾತು. ಆಗಿನ ಐಟ್ಯೂನ್ಸ್ ಹಾಡು 128 ಕೆಬಿಪಿಎಸ್, ಆಡಿಯೊ ಸಿ.ಡಿ. 1,411. ಅಂಕಿ ಹಿಗ್ಗಿತೆಂದು ಕಳೆದುಹೋದ ನಾದ ಮರಳುವುದಿಲ್ಲ, ಹೊಸದಾಗಿ ಕಳೆಯುವುದೂ ಇಲ್ಲ. ಕಳೆಯುವುದು ಮುಂದಿನ ಹಂತದಲ್ಲಿ. ಸಿ.ಡಿ.ಯಿಂದ ಕಂಪ್ಯೂಟರಿಗೆ ವಾಪಸ್ ತರುವಾಗ ಬಹಳ ಜನ ಎಂಪಿ3 ಮಾಡುತ್ತಾರೆ. ಒಮ್ಮೆ ಹಿಂಡಿದ್ದನ್ನು ಮತ್ತೊಮ್ಮೆ ಹಿಂಡಿದಾಗ ತಂಬೂರಿಯ ಜೀವಾಳದಿಂದ ಏಳುವ ಝೇಂಕಾರ ಮಬ್ಬಾಗುತ್ತದೆ, ಮೃದಂಗದ ಚಾಪಿನ ಮೊನೆ ಮೊಂಡಾಗುತ್ತದೆ. ಫ್ಲ್ಯಾಕ್ ಅಥವಾ ಆಪಲ್ ಲಾಸ್‌ಲೆಸ್ ಆರಿಸಿದರೆ ಸಿ.ಡಿ.ಯಲ್ಲಿದ್ದಷ್ಟು ನಾದ ಹಾಗೇ ಬರುತ್ತದೆ. ಫೈಲು ದೊಡ್ಡದಾಗುತ್ತದೆ, ಆಗಲಿ. ಹಾಡಿನ, ಹಾಡಿದವರ ಹೆಸರುಗಳನ್ನು ಅನೇಕ ಸಲ ಕೈಯಿಂದಲೇ ತುಂಬಬೇಕಾಗುತ್ತದೆ. ಅದಕ್ಕೂ ಸಮಯ ಇಟ್ಟುಕೊಳ್ಳಿ. ಬರ್ನ್ ಮಾಡಿದ ಸಿ.ಡಿ.ಯ ಬಣ್ಣದ ಪದರ ಬಿಸಿಲು, ಸೆಕೆಗೆ ಕೆಡುವಂಥದ್ದು. ಆದ್ದರಿಂದ ಫೈಲುಗಳ ಪ್ರತಿ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿರಲಿ.