ಕೆರೆ ಕಟ್ಟಿಸಿದವರು, ಟ್ಯಾಂಕರ್ ತರಿಸಿದವರು

2023ರ ಸೆಪ್ಟೆಂಬರ್ ತಿಂಗಳಲ್ಲಿ, ಐದು ದಿನಗಳ ಅಂತರದಲ್ಲಿ, ನಾವು ಎರಡು ಪಟ್ಟಿಗಳನ್ನು ಓದಿದೆವು. 13ರಂದು ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಆ ಪಟ್ಟಿ ಬೆಳೆಯುತ್ತಾ ಹೋಗಿ 236 ತಾಲ್ಲೂಕುಗಳಲ್ಲಿ 223ಕ್ಕೆ ಮುಟ್ಟಿತು. 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆ ವಾರ ಹಳೇಬೀಡಿನ ಬಗ್ಗೆ ಬಂದ ಲೇಖನಗಳಲ್ಲಿ ಕಲ್ಲಿನ ಕುಸುರಿಯ ಮಾತೇ ತುಂಬಿತ್ತು. ದೇವಾಲಯದ ಪಕ್ಕದಲ್ಲೇ ಇರುವ ಕೆರೆಯ ಬಗ್ಗೆ ಬರೆದವರು ಕಡಿಮೆ. ಆದರೆ ಹಳೇಬೀಡಿನ ಹಳೆಯ ಹೆಸರೇ ದೋರಸಮುದ್ರ. ಕೆರೆಯ ಹೆಸರೇ ರಾಜಧಾನಿಯ ಹೆಸರಾಗಿತ್ತು. ಅರಸೀಕೆರೆಯ ಹೆಸರನ್ನಂತೂ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಅರಸಿ ಕಟ್ಟಿಸಿದ ಕೆರೆ ಅದು.

ಆ ದಿನಗಳಲ್ಲೇ ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ: ಬರಗಾಲದಲ್ಲಿ ಹಳ್ಳಿಯ ರಾಜಕಾರಣಿ ಏನು ಮಾಡುತ್ತಾನೆ ಎಂಬುದನ್ನು ಹೇಳುವ ಕನ್ನಡದ ಕೃತಿ ಯಾವುದು? ಉತ್ತರ ಸುಲಭವೆಂದುಕೊಂಡೆ. ಎಂ.ಎಸ್. ಸತ್ಯು ಸಿನಿಮಾ ಮಾಡಿದ ಅನಂತಮೂರ್ತಿಯವರ 'ಬರ' ಇದೆಯಲ್ಲ ಎಂದೆ. ಹೇಳಿದ ಮೇಲೆ ಅನುಮಾನ ಬಂತು. ಅದರ ಕೇಂದ್ರದಲ್ಲಿರುವುದು ಜಿಲ್ಲಾಧಿಕಾರಿ. ಹೊರಗಿನಿಂದ ಬಂದ, ಆದರ್ಶವುಳ್ಳ, ಬರವನ್ನು ಕಂಡು ತಳಮಳಗೊಳ್ಳುವ ವಿದ್ಯಾವಂತ. ಅಲ್ಲಿ ರಾಜಕಾರಣವೆಂದರೆ ಅವನ ದಾರಿಗೆ ಅಡ್ಡ ಬರುವ ಶಕ್ತಿ. ಭೈರಪ್ಪನವರ 'ಗೃಹಭಂಗ' (1970) ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು; ಅದರ ಊರು ತಿಪಟೂರು ಕಡೆಯದು. ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರ ಸಾಗಿಸುವ ನಂಜಮ್ಮನ ಮೂಲಕ ಊರಿನ ಅಧಿಕಾರ ಹೇಗೆ ನಡೆಯುತ್ತದೆಂದು ಅಲ್ಲಿ ಕಾಣುತ್ತದೆ. ಆದರೆ ಅಲ್ಲಿಯೂ ಊರ ಮುಖಂಡನನ್ನು ನಾವು ನೋಡುವುದು ಅವನಿಂದ ನೊಂದವರ ಕಣ್ಣಿನಿಂದಲೇ. ಅದು ತಪ್ಪಲ್ಲ. ನೊಂದವರ ಕಣ್ಣು ಸಾಹಿತ್ಯಕ್ಕೆ ಮೊದಲು ಬೇಕಾದದ್ದು. ಆದರೆ ವಿದ್ಯಾರ್ಥಿಯ ಪ್ರಶ್ನೆ ಹಾಗೆಯೇ ಉಳಿಯಿತು.

ಹಿಂದಕ್ಕೆ ಹೋದರೆ ಸಿಗುವುದು 'ಕೆರೆಗೆ ಹಾರ'. ಶಾಲೆಯಲ್ಲಿ ನಾವೆಲ್ಲ ಅದನ್ನು ಭಾಗೀರಥಿಯ ತ್ಯಾಗದ ಕತೆಯೆಂದು ಓದಿದೆವು. ಆಮೇಲೆ ಹೆಣ್ಣಿನ ಮೇಲಿನ ಹಿಂಸೆಯ ಕತೆಯೆಂದು ಸರಿಯಾಗಿಯೇ ತಿದ್ದಿ ಓದಿದೆವು. ಈಗ ಒಮ್ಮೆ ಮಲ್ಲನಗೌಡನನ್ನು ಹಿಡಿದು ಓದಿ ನೋಡಿ. ಅವನು ಊರಿಗಾಗಿ ಕೆರೆ ತೋಡಿಸಿದವನು, ಅಂದರೆ ಸಾರ್ವಜನಿಕ ಕೆಲಸ ಮಾಡಿದವನು. ಕೆಲಸ ವಿಫಲವಾಗಿದೆ, ನೀರು ಬಂದಿಲ್ಲ. ಶಾಸ್ತ್ರ ಕೇಳಿದಾಗ ಬಲಿ ಬೇಕೆಂಬ ಉತ್ತರ ಬರುತ್ತದೆ. ಮುಂದಿನ ಪ್ರಶ್ನೆ ಆಡಳಿತದ್ದು: ವೆಚ್ಚವನ್ನು ಯಾರ ತಲೆಗೆ ಹಾಕುವುದು? ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ಹೋಗುತ್ತದೆ. ಹೀಗೆ ಲೆಕ್ಕ ಹಾಕುತ್ತಾ ಕಿರಿಯ ಸೊಸೆಗೆ ಬಂದು ನಿಲ್ಲುತ್ತದೆ. ಅವಳ ಗಂಡ ದಂಡಿನಲ್ಲಿದ್ದಾನೆ, ಕೇಳುವವರಿಲ್ಲ. ಯಾರನ್ನು ಕಳೆದುಕೊಂಡರೆ ಮನೆಯ ವ್ಯವಸ್ಥೆ ಅಲುಗಾಡುವುದಿಲ್ಲವೋ ಅವಳನ್ನು ಆರಿಸುತ್ತಾರೆ. ಆಮೇಲೆ ನೀರು ಏರುವುದನ್ನು ಹಾಡು ಅಳೆಯುವುದು ಅವಳ ಪಾದ, ಮೊಣಕಾಲು, ನಡುಗಳಿಂದ. ತೂಬಿನ ಕಲ್ಲಿಗೆ ಅಲ್ಲಿ ಕೆಲಸವಿಲ್ಲ. ಆಯ್ಕೆ ಹೇಗೆ ನಡೆಯಿತೆಂದು ಹಾಡು ಹೇಳುತ್ತದೆ. ಗೌಡನನ್ನು ಬೈಯಲು ಒಂದು ಮಾತನ್ನೂ ಖರ್ಚು ಮಾಡುವುದಿಲ್ಲ. ಹಳ್ಳಿಯ ಅಧಿಕಾರವನ್ನು ಕುರಿತು ಕನ್ನಡದಲ್ಲಿ ಇದಕ್ಕಿಂತ ನಿಖರವಾದ ಪಠ್ಯ ನನಗೆ ಕಂಡಿಲ್ಲ.

ಇದೇ ವಿಷಯವನ್ನು ಆಳುವವರು ತಾವೇ ಬರೆದುಕೊಂಡದ್ದು ಶಾಸನಗಳಲ್ಲಿದೆ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟವಾಗಿ ಹೊರತಂದ. ಅವುಗಳಲ್ಲಿ ಹೊಗಳಿಕೆ ಧಾರಾಳ. ಆದರೆ ಹೊಗಳಿಕೆ ಮುಗಿದ ಮೇಲೆ ಬರುವ ಒಣ ಭಾಗವನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಿಟ್ಟು ಓದುತ್ತಾರೆ, ನಾನೂ ಬಿಟ್ಟಿದ್ದೆ. ಗದ್ದೆಯ ಎಲ್ಲೆ, ಅಳತೆ, ಯಾರಿಗೆ ಎಷ್ಟು ಎಂಬ ವಿವರ ಅಲ್ಲಿರುತ್ತದೆ. ಆ ಕಾಲದ ಶಾಸನಗಳಲ್ಲಿ 'ಬಿತ್ತುವಟ್ಟ', 'ಕಟ್ಟುಗೊಡಗೆ' ಎಂಬ ಮಾತುಗಳು ಬರುತ್ತವೆ: ಕೆರೆಯನ್ನು ಕಟ್ಟಿದವರಿಗೆ, ಕೆರೆಯನ್ನು ನೋಡಿಕೊಳ್ಳಲು ಬಿಟ್ಟ ಭೂಮಿ. ಕೆಡಿಸಿದವರಿಗೆ ಶಾಪ. ಇವತ್ತಿನ ಶಂಕುಸ್ಥಾಪನೆಯ ಕಲ್ಲನ್ನು ಅದರ ಪಕ್ಕ ಇಟ್ಟು ನೋಡಿ. ಹೆಸರುಗಳಿವೆ, ಪದವಿಗಳಿವೆ, ದಿನಾಂಕವಿದೆ. ಹೂಳು ತೆಗೆಯುವವರು ಯಾರು, ಅದಕ್ಕೆ ದುಡ್ಡು ಎಲ್ಲಿಂದ ಎಂಬ ಸಾಲು ಇಲ್ಲ.

ಆಧುನಿಕ ಕಾಲದಲ್ಲಿ ಜನರೇ ರಚಿಸಿದ ಒಂದು ಪುಟ್ಟ ಪಠ್ಯವೂ ಇದೆ: 'ನೀರ್ ಸಾಬ್'. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್, 1980ರ ದಶಕದ ಬರಗಾಲದಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದರು. ಮಂಡಲ ಪಂಚಾಯಿತಿಗಳ 1983ರ ಕಾಯ್ದೆಯ ಹಿಂದೆಯೂ ಅವರೇ ಇದ್ದರು. 1987ರ ಚುನಾವಣೆಯಲ್ಲಿ ಹೆಂಗಸರಿಗೆ ಶೇಕಡ 25ರಷ್ಟು ಸ್ಥಾನ ಮೀಸಲಾಗಿತ್ತು. ಕೈಪಂಪು ಹೊಡೆದು ಕೊಡ ತುಂಬಿಸಿಕೊಂಡವರು ಕೊಟ್ಟ ಬಿರುದು ಎರಡೇ ಪದಗಳದ್ದು, ಆದರೆ ಶಾಸನದ ಇಪ್ಪತ್ತು ಬಿರುದುಗಳಿಗಿಂತ ಗಟ್ಟಿ. ಕತೆ ಅಲ್ಲಿಗೇ ಮುಗಿಯಲಿಲ್ಲ ಎಂಬುದೂ ಗೊತ್ತಿರಬೇಕು. ಕುಡಿಯುವ ನೀರಿಗೆಂದು ಬಂದ ಕೊಳವೆ ತೋಟಕ್ಕೂ ಹೋಯಿತು. ಅರಸೀಕೆರೆ ಕಡೆಯ ತೆಂಗಿನ ತೋಟಗಳು ಒಂದೊಂದು ಬರಕ್ಕೂ ಇನ್ನಷ್ಟು ಆಳಕ್ಕೆ ಇಳಿದವು. ಕೆರೆಯನ್ನು ನೋಡಿಕೊಳ್ಳುವ ಅಗತ್ಯವೇ ಮರೆತುಹೋಯಿತು.

ಈಗ ನನ್ನ ಮನೆಯ ವಿಷಯ. ನಮ್ಮ ಚಿಕ್ಕಪ್ಪ ಅರಸೀಕೆರೆ ಮತ್ತು ಹಳೇಬೀಡಿನ ನಡುವಿನ ಒಂದು ಹಳ್ಳಿಯಲ್ಲಿ 2015ರಿಂದ 2020ರವರೆಗೆ ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದರು. ಸಾಲು ಬರಗಳ ಕಾಲ ಅದು. ಪಶ್ಚಿಮಕ್ಕೆ ಸ್ವಲ್ಪ ಹೋದರೆ ಯಗಚಿ ಜಲಾಶಯ. ಇನ್ನೂ ಸ್ವಲ್ಪ ಹೋದರೆ ಕಾಫಿ ತೋಟ, ಮಳೆ. ಬೇಲೂರು ತಾಲ್ಲೂಕಿನಲ್ಲೇ ಅರೇಹಳ್ಳಿಯ ಕಡೆ ಕೊಡೆ ಬಿಚ್ಚುವಾಗ ಹಳೇಬೀಡಿನ ಕಡೆ ಟ್ಯಾಂಕರಿಗೆ ಕಾಯುತ್ತಿರುತ್ತಾರೆ. ಹಳೇಬೀಡಿನ ರೈತರು ಯಗಚಿಯ ನೀರನ್ನು ಕೆರೆಗೆ ತರುವ ರಣಘಟ್ಟ ಯೋಜನೆಗಾಗಿ ಬೀದಿಗಿಳಿದದ್ದೂ ಆ ವರ್ಷಗಳಲ್ಲೇ.

ಆಗ ನಾನು ಕಾಲೇಜು ಪತ್ರಿಕೆಗೆ ಒಂದು ಕತೆ ಬರೆದೆ. ಅದರಲ್ಲೊಬ್ಬ ಪಂಚಾಯಿತಿ ಸದಸ್ಯ; ಹೊಟ್ಟೆ ದಪ್ಪ, ಬಿಳಿ ಅಂಗಿ, ಟ್ಯಾಂಕರನ್ನು ಮೊದಲು ತನ್ನವರ ಬೀದಿಗೆ ತಿರುಗಿಸುವವನು. ಕತೆಗೆ ಬಹುಮಾನವೂ ಬಂತು. ಚಿಕ್ಕಪ್ಪ ಓದಿದರು. ತಮ್ಮನ್ನೇ ಬರೆದಿದ್ದಾನೆಂದು ಅವರಿಗೆ ತಿಳಿಯದೆ ಇರಲು ಸಾಧ್ಯವೇ ಇರಲಿಲ್ಲ. ಅವರು ಹೇಳಿದ್ದು ಇಷ್ಟೇ: "ಚೆನ್ನಾಗೈತೆ. ಆದ್ರೆ ಟ್ಯಾಂಕರ್ ಬತ್ತಿದ್ದು ಬೆಳಗ್ಗೆ ಹತ್ತಕ್ಕಲ್ಲ ಕಣೋ, ರಾತ್ರಿ ಎರಡಕ್ಕೆ." ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ರಾತ್ರಿ. ಟ್ಯಾಂಕರ್ ತುಂಬಿಸುವ ಖಾಸಗಿ ಬೋರ್‌ವೆಲ್ ಓಡುತ್ತಿದ್ದದ್ದೂ ಆಗಲೇ. ಊರಿಗೆ ಊರೇ ರಾತ್ರಿ ಎರಡಕ್ಕೆ ಕೊಡ ಹಿಡಿದು ಎದ್ದಿರುತ್ತಿತ್ತು. ನನ್ನ ಕತೆಯ ನೀತಿ ಸರಿಯಾಗಿತ್ತು, ಆದರೆ ಗಂಟೆ ತಪ್ಪಾಗಿತ್ತು. ಆ ಒಂದು ತಪ್ಪಿನಿಂದ ನಿದ್ದೆಗೆಟ್ಟ ಊರೊಂದು ಕತೆಯಿಂದಲೇ ಬಿದ್ದುಹೋಗಿತ್ತು.

ಆಮೇಲೆ ಅವರು ತಮ್ಮ ಟ್ಯಾಂಕರ್ ಪುಸ್ತಕ ತೋರಿಸಿದರು. ಶಾಲಾ ಮಕ್ಕಳ ನೋಟ್ ಪುಸ್ತಕ. ತಾರೀಕು, ಬಂದ ಹೊತ್ತು, ಬೀದಿ, ಮನೆಗೆ ಎಷ್ಟು ಕೊಡ. ಕೊನೆಯಲ್ಲಿ 'ಬಾಕಿ' ಎಂಬ ಅಂಕಣ: ಟ್ಯಾಂಕರ್ ಖಾಲಿಯಾಗಿ ನೀರು ಸಿಗದವರಿಗೆ ಕೊಡಬೇಕಾದ ಕೊಡಗಳು. ಪುಟ ತಿರುಗಿಸುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಬಾಕಿ ಬೀಳುತ್ತಿದ್ದದ್ದು ಹೆಚ್ಚೂಕಡಿಮೆ ಯಾವಾಗಲೂ ಒಂದೇ ಕಡೆ, ಊರ ಕೊನೆಯ ಕಾಲೋನಿಯಲ್ಲಿ. ಟ್ಯಾಂಕರಿಗೆ ಊರಿನ ಬಾಗಿಲಿಂದ ಒಳಗೆ ಬರುವ ಒಂದು ಕ್ರಮವಿತ್ತು, ಆ ಕ್ರಮದಲ್ಲಿ ಕಾಲೋನಿ ಕೊನೆ. ಚಿಕ್ಕಪ್ಪ ಅದನ್ನು ಬರೆದಿಟ್ಟಿದ್ದರು, ಅಂದರೆ ಗೊತ್ತಿತ್ತು. ತಿಂಗಳುಗಟ್ಟಲೆ ಬದಲಿಸಿರಲಿಲ್ಲ. ಮಲ್ಲನಗೌಡನ ಲೆಕ್ಕವೇ ಇದು: ಯಾರಿಗೆ ಕಡಿಮೆಯಾದರೆ ಊರು ಅಲುಗಾಡುವುದಿಲ್ಲವೋ ಅವರಿಗೆ ಕಡಿಮೆ. ನನ್ನ ಕತೆಯ ದಪ್ಪ ಹೊಟ್ಟೆಯ ಖಳ ಇಲ್ಲಿಗೆ ಬೇಕಾಗಿರಲಿಲ್ಲ. ಒಳ್ಳೆಯವನೂ, ರಾತ್ರಿಯಿಡೀ ಎಚ್ಚರವಿರುವವನೂ, ಪ್ರಾಮಾಣಿಕವಾಗಿ ಲೆಕ್ಕ ಬರೆಯುವವನೂ ಇದನ್ನೇ ಮಾಡಬಲ್ಲ. ಕತೆಗಾರನಾಗಿ ನಾನು ಕಾಣದೆ ಹೋದದ್ದು ಇದನ್ನು.

ಒಂದು ರಾತ್ರಿ ಕಾಲೋನಿಯ ಹೆಂಗಸರು ಊರ ಬಾಗಿಲಲ್ಲೇ ಖಾಲಿ ಕೊಡಗಳನ್ನು ಸಾಲಾಗಿ ಇಟ್ಟು ಟ್ಯಾಂಕರ್ ನಿಲ್ಲಿಸಿದರು. ಅಂದಿನ ಪುಟದಲ್ಲಿ ಬರೆದಿರುವುದು ಒಂದೇ ಮಾತು: "ಗಲಾಟೆ". ಮಾರನೆಯ ದಿನದಿಂದ ಕ್ರಮ ಬದಲಾಗಿದೆ. ಒಂದು ದಿನ ಈ ತುದಿಯಿಂದ, ಒಂದು ದಿನ ಆ ತುದಿಯಿಂದ. ಅವರದೇ ಬೀದಿಯವರಿಗೆ ಇದು ಹಿಡಿಸಲಿಲ್ಲ. 2020ರ ಡಿಸೆಂಬರ್ ಚುನಾವಣೆಯಲ್ಲಿ ಚಿಕ್ಕಪ್ಪ ಸೋತರು. ಇದರಿಂದಲೇ ಸೋತರೆಂದು ಅವರು ಹೇಳುತ್ತಾರೆ. ಬೇರೆ ಕಾರಣಗಳೂ ಇದ್ದವೆಂದು ಚಿಕ್ಕಮ್ಮ ಹೇಳುತ್ತಾರೆ.

ಆ ವಿದ್ಯಾರ್ಥಿಗೆ ಈಗ ಏನು ಹೇಳಲಿ? ನೀನು ಕೇಳಿದ ಕೃತಿ ನನಗೆ ಸಿಕ್ಕಿಲ್ಲ, ಆದರೆ ಅದಕ್ಕೆ ಬೇಕಾದ ಭಾಷೆ ಕನ್ನಡದಲ್ಲಿದೆ ಎನ್ನುತ್ತೇನೆ. ಬೈಯದೆ ಆಯ್ಕೆಯನ್ನು ತೋರಿಸುವುದನ್ನು ಹಾಡು ಬಲ್ಲದು. ಯಾರಿಗೆ ಎಷ್ಟು ಎಂದು ಬರೆದಿಡುವುದನ್ನು ಶಾಸನ ಬಲ್ಲದು. ನಂಜಮ್ಮ ಲೆಕ್ಕ ಬರೆಯುವ ಪುಟಗಳಲ್ಲಿ ಕಾದಂಬರಿಯೂ ಅದರ ಹತ್ತಿರ ಹೋಗಿತ್ತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಎತ್ತಿನಹೊಳೆಯ ಮೊದಲ ಹಂತ ಉದ್ಘಾಟನೆಯಾಯಿತು. ಅರಸೀಕೆರೆ ಸೀಮೆಯಲ್ಲಿ ಹಾದುಹೋಗುವ ಕಾಲುವೆಯ ಬಗ್ಗೆ ಇನ್ನು ಬರೆಯುವವರೂ ಈ ಒಣ ವಿವರಗಳಿಂದಲೇ ಶುರುಮಾಡಲಿ: ತೂಬು ಎಲ್ಲಿ, ಮೊದಲು ಯಾರಿಗೆ, ಯಾವ ಹೊತ್ತಿಗೆ.

ಕಳೆದ ಸಲ ಊರಿಗೆ ಹೋದಾಗ ಆ ನೋಟ್ ಪುಸ್ತಕ ಇನ್ನೂ ಅವರ ಟ್ರಂಕಿನಲ್ಲಿತ್ತು. ಅಧಿಕಾರ ಹೋಗಿ ಇಷ್ಟು ವರ್ಷವಾಯಿತು, ಇದನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದೆ. ಕನ್ನಡಕ ಏರಿಸಿ ಕೊನೆಯ ಪುಟ ನೋಡಿದರು.

"ಬಾಕಿ ಐತಲ್ಲ," ಎಂದರು.