ಪೀಣ್ಯ ಮೇಲ್ಸೇತುವೆ: ದುರಸ್ತಿ ಗಟ್ಟಿ, ದಾಖಲೆ ಪೊಳ್ಳು

ಬೆಂಗಳೂರಿನ ಪೀಣ್ಯ ಮೇಲ್ಸೇತುವೆಯನ್ನು 2021ರ ಡಿಸೆಂಬರ್ ಕೊನೆಯಲ್ಲಿ ಮುಚ್ಚಿದಾಗ ಅದಕ್ಕೆ ಹನ್ನೊಂದರ ಆಸುಪಾಸು ವಯಸ್ಸು. ಕಾಂಕ್ರೀಟ್ ಸೇತುವೆಯ ಆಯುಷ್ಯದಲ್ಲಿ ಅದು ಏನೇನೂ ಅಲ್ಲ. 102 ಮತ್ತು 103ನೇ ಕಂಬಗಳ ನಡುವಿನ ಅಂಕಣದಲ್ಲಿ ಉಕ್ಕಿನ ಕೇಬಲ್‌ಗಳು ಕೆಟ್ಟಿರುವುದು ಕಣ್ಣಿಗೆ ಬಿತ್ತು. ಮರುವರ್ಷದ ಫೆಬ್ರುವರಿಯಲ್ಲಿ ಕಾರು, ಬೈಕುಗಳನ್ನು ಬಿಟ್ಟರು. ಬಸ್ಸು, ಲಾರಿಗಳು ಮೇಲೆ ಹತ್ತಲು 2024ರ ಜುಲೈ ಕೊನೆಯವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಉತ್ತರ ಕರ್ನಾಟಕದಿಂದ ಬರುವ ಬಸ್ಸುಗಳೆಲ್ಲ ದಾಸರಹಳ್ಳಿ, ಜಾಲಹಳ್ಳಿ ಕ್ರಾಸಿನ ದಟ್ಟಣೆಯಲ್ಲೇ ತೆವಳಿದವು.

ಈ ಸೇತುವೆ ಒಂದೇ ಸಲಕ್ಕೆ ಎರಕ ಹೊಯ್ದದ್ದಲ್ಲ. ತುಂಡು ತುಂಡಾಗಿ ಎರಕ ಹೊಯ್ದು, ಸಾಲಾಗಿ ಜೋಡಿಸಿ, ಒಳಗೆ ಕೇಬಲ್ ಹಾಯಿಸಿ ಬಿಗಿದದ್ದು. ಮೇಜಿನ ಮೇಲಿನ ಪುಸ್ತಕಗಳ ಸಾಲನ್ನು ಎರಡೂ ಕಡೆಯಿಂದ ಅಂಗೈಯಲ್ಲಿ ಒತ್ತಿ ಎತ್ತಿದರೆ ನಡುವಿನವು ಬೀಳುವುದಿಲ್ಲವಲ್ಲ, ಇಲ್ಲಿ ಆ ಒತ್ತಡ ಕೊಡುವುದು ಕೇಬಲ್. ಅದನ್ನು ಹಾಯಿಸಿದ ನಾಳದೊಳಗೆ ಸಿಮೆಂಟಿನ ತಿಳಿಗಂಜಿಯನ್ನು ಒತ್ತಡದಿಂದ ತುಂಬುತ್ತಾರೆ. ಸೈಟಿನಲ್ಲಿ ಇದಕ್ಕೆ ಗ್ರೌಟಿಂಗ್ ಎನ್ನುತ್ತಾರೆ. ಎಲ್ಲಾದರೂ ಪೊಳ್ಳು ಉಳಿದು ನೀರು, ಗಾಳಿ ಸೇರಿದರೆ, ಸದಾ ಎಳೆತದಲ್ಲಿರುವ ಆ ತಂತಿಗಳು ತುಕ್ಕು ಹಿಡಿದು ಒಂದು ದಿನ ತುಂಡಾಗುತ್ತವೆ.

ದುರಸ್ತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮೂಲ ವಿನ್ಯಾಸದಲ್ಲಿ ಪ್ರತಿ ಅಂಕಣಕ್ಕೆ ಹತ್ತು ಕೇಬಲ್‌ಗಳ ಜೊತೆಗೆ ಎರಡು ಖಾಲಿ ನಾಳಗಳನ್ನು ಬಿಟ್ಟಿದ್ದರು. 120 ಅಂಕಣಗಳಲ್ಲಿ ಆ ಖಾಲಿ ನಾಳಗಳಿಗೇ ಮೊದಲು 240 ಹೊಸ ಕೇಬಲ್ ಹಾಯಿಸಿ ಬಿಗಿದರು. ಆಮೇಲೆ ಹಳೆಯ 1,200 ಕೇಬಲ್‌ಗಳನ್ನು ಬದಲಿಸುವ ಕೆಲಸ. ಎಂದೋ ಯಾರೋ ಕಾಗದದ ಮೇಲೆ ಎಳೆದ ಆ ಎರಡು ಖಾಲಿ ವೃತ್ತಗಳು ನಾಲ್ಕು ಕಿಲೋಮೀಟರಿಗೂ ಉದ್ದದ ಸೇತುವೆಯನ್ನು ಉಳಿಸಿದವು. 2024ರ ಜನವರಿಯಲ್ಲಿ ಸೇತುವೆಯನ್ನು ಪೂರ್ತಿ ಮುಚ್ಚಿ ಭಾರದ ಪರೀಕ್ಷೆ ನಡೆಸಿದರು. ಈ ಪರೀಕ್ಷೆಯಲ್ಲಿ ತುಂಬಿದ ಲಾರಿಗಳನ್ನು ಅಂಕಣದ ಮೇಲೆ ನಿಲ್ಲಿಸಿ ಅದು ಎಷ್ಟು ಬಾಗಿತೆಂದು ಅಳೆಯುತ್ತಾರೆ. ಭಾರ ಇಳಿಸಿದ ಮೇಲೆ ಎಷ್ಟು ಮೇಲೆದ್ದಿತು ಎಂಬುದೇ ತೀರ್ಪು. ಇಂಥ ಬಿಗಿದ ಕಾಂಕ್ರೀಟಿಗೆ ನಿಯಮ ಕೇಳುವುದು ಬಾಗಿದ್ದರಲ್ಲಿ ಶೇ 85ರಷ್ಟು ಚೇತರಿಕೆ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಸಲಹೆ ಬರುವವರೆಗೆ ಭಾರಿ ವಾಹನ ಬಿಡದಿದ್ದದ್ದೂ ಸರಿ. ಆಗ ನಗರ ಗೊಣಗಿದ್ದು ನಿಜ, ಆದರೆ ಆ ಎಚ್ಚರಿಕೆ ಜೀವ ಉಳಿಸುವ ಎಚ್ಚರಿಕೆ.

ನನ್ನ ತಕರಾರು ದುರಸ್ತಿಗಿಂತ ಮುಂಚಿನ ಹನ್ನೊಂದು ವರ್ಷಗಳ ಬಗ್ಗೆ, ಕಟ್ಟುವಾಗಲೇ ಇಡಬೇಕಾದ ದಾಖಲೆಯ ಬಗ್ಗೆ. ನಾವೀಗ ನಿರ್ಮಾಣದಲ್ಲಿ ಡಿಜಿಟಲ್ ತಂತ್ರಜ್ಞಾನ ಅಂದರೆ ವೇಗವನ್ನಷ್ಟೇ ನೋಡುತ್ತೇವೆ. 2023ರ ಆಗಸ್ಟ್‌ನಲ್ಲಿ ಹಲಸೂರು ಬಳಿಯ ಕೇಂಬ್ರಿಡ್ಜ್ ಲೇಔಟಿನಲ್ಲಿ ತ್ರೀಡಿ ಮುದ್ರಣದ ಅಂಚೆ ಕಚೇರಿ ಉದ್ಘಾಟನೆಯಾಯಿತು. ಎಲ್ ಆ್ಯಂಡ್ ಟಿ ಕಟ್ಟಿದ್ದು, ಐಐಟಿ ಮದ್ರಾಸಿನ ಮಾರ್ಗದರ್ಶನ, 1,021 ಚದರಡಿ. ಒಂದೂವರೆ ತಿಂಗಳಲ್ಲಿ ಮುಗಿಯಿತೆಂದು ಎಲ್ಲರೂ ಹೊಗಳಿದರು. ಒಂದೇ ಅಂತಸ್ತಿನ ಆ ಕಟ್ಟಡದಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಬೇರೆ: ಯಾವ ಪದರಕ್ಕೆ, ಯಾವ ಹೊತ್ತಿನಲ್ಲಿ, ಎಷ್ಟು ಮಿಶ್ರಣ ಸುರಿಯಿತೆಂಬ ಲೆಕ್ಕವನ್ನು ಯಂತ್ರವೇ ಇಡಬಲ್ಲದು. ಮೇಲ್ಸೇತುವೆಯ ಗ್ರೌಟಿಂಗಿಗೆ ಬೇಕಿದ್ದದ್ದು ಇದೇ. ಒಂದು ನಾಳಕ್ಕೆ ಎಷ್ಟು ಲೀಟರ್ ಹಿಡಿಯಬೇಕು, ಎಷ್ಟು ಹೋಯಿತು, ಆಚೆ ತುದಿಯಿಂದ ಹೊರಬಂದದ್ದು ಗಟ್ಟಿಯಾಗಿತ್ತೇ ನೀರಾಗಿತ್ತೇ ಎಂಬ ಮೂರು ವಿವರಗಳು ಪ್ರತಿ ಕೇಬಲ್ಲಿನ ಹೆಸರಿನಲ್ಲಿ ಉಳಿಯಬೇಕು. ಸೇತುವೆ ಇರುವಷ್ಟು ಕಾಲ ಅವನ್ನು ತೆಗೆದು ನೋಡುವಂತಿರಬೇಕು.

ಆಮೇಲೆ ಸೆನ್ಸರ್ ಅಂಟಿಸಿದರಾಯಿತು ಅನ್ನುವವರಿದ್ದಾರೆ. ಒಪ್ಪಲಾರೆ. ಕಾಂಕ್ರೀಟಿನೊಳಗಿನ ಕಬ್ಬಿಣ ಹುಡುಕುವ ರೇಡಾರ್ ಅಲೆ ಲೋಹದ ನಾಳವನ್ನು ದಾಟಿ ಒಳಗೆ ಹೋಗದು. ಹತ್ತು ಕೇಬಲ್‌ಗಳಲ್ಲಿ ಒಂದರ ಕೆಲವು ಎಳೆ ಹೋದರೆ ಸೇತುವೆಯ ಕಂಪನದಲ್ಲಿ ಅದು ಗೊತ್ತಾಗುವುದೂ ಕಷ್ಟ. ಕಟ್ಟುವ ದಿನ ಬರೆದಿಡದ ಸಂಗತಿಯನ್ನು ಎಷ್ಟು ದುಬಾರಿ ಉಪಕರಣ ತಂದರೂ ಪೂರ್ತಿಯಾಗಿ ಮರಳಿ ಪಡೆಯಲಾಗದು. ಗುತ್ತಿಗೆಯಲ್ಲಿ ಬಣ್ಣಬಣ್ಣದ ತ್ರೀಡಿ ಮಾದರಿ ಕೇಳುವ ಇಲಾಖೆಗಳು ಈ ಒಣ ಅಂಕಿಗಳನ್ನೂ ಅಷ್ಟೇ ಖಡಾಖಂಡಿತವಾಗಿ ಕೇಳಬೇಕು, ಸಾರ್ವಜನಿಕರ ಮುಂದೆ ಇಡಬೇಕು.

2024ರ ಆಗಸ್ಟ್ 7ರ ನಡುರಾತ್ರಿಯ ಬಳಿಕ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿದ್ದು ಪುಣ್ಯ. ಕುಸಿತಕ್ಕೆ ಕಾರಣ ಏನೇ ಇರಲಿ, ಅಳಿವೆಯಲ್ಲಿ ನಾಲ್ಕು ದಶಕ ನಿಂತ ಕಾಂಕ್ರೀಟಿಗೆ ಉಪ್ಪು ಎಂಥ ಶತ್ರು ಎಂಬುದು ಎಲ್ಲ ಎಂಜಿನಿಯರುಗಳಿಗೂ ಗೊತ್ತಿದ್ದದ್ದೇ. ಪೀಣ್ಯದಲ್ಲಿ ತೋರಿದ ಶಿಸ್ತು ಕರಾವಳಿಯ ಪ್ರತಿ ಸೇತುವೆಗೂ ಸಲ್ಲಬೇಕು.

ಮನೆಗಳ ಕತೆಯೂ ಬೇರೆಯಲ್ಲ. ಸಜ್ಜಾದ ಅಡಿಯಲ್ಲಿ ಕಾಂಕ್ರೀಟ್ ಉದುರಿ ಕೆಂಪು ಕಂಬಿ ಕಾಣಿಸಿದರೆ ಅದರ ಮೇಲೆ ಗಾರೆ ಮೆತ್ತಿ ಸುಣ್ಣ ಬಳಿಯುವುದು ನಮ್ಮಲ್ಲಿ ರೂಢಿ. ಒಳಗೆ ತುಕ್ಕು ಊದಿಕೊಳ್ಳುತ್ತಲೇ ಇರುತ್ತದೆ. ಎರಡು ಮಳೆಗಾಲದಲ್ಲಿ ಗಾರೆ ಮತ್ತೆ ಕಳಚುತ್ತದೆ. ಸಡಿಲ ಕಾಂಕ್ರೀಟ್ ಕೆತ್ತಿ, ಕಂಬಿಯ ಹಿಂಭಾಗದವರೆಗೂ ತುಕ್ಕು ಉಜ್ಜಿ ತೆಗೆದು, ಸವೆದಿದ್ದರೆ ಪಕ್ಕಕ್ಕೆ ಹೊಸ ಕಂಬಿ ಕೊಟ್ಟು, ನಂತರವೇ ಮುಚ್ಚಬೇಕು. ಪಿಲ್ಲರ್ ಸೊರಗಿದ್ದರೆ ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟಿನ ಜಾಕೆಟ್ ಹೊಯ್ಯಬೇಕು. ಕೆಳಗೆ ತಳಪಾಯ ನೋಡದೆ ಒಂದು ಮಹಡಿಗಷ್ಟೇ ಜಾಕೆಟ್ ಹಾಕಿ ಕೈತೊಳೆದುಕೊಳ್ಳುವುದು ಮೋಸ.

ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ವಿನಂತಿ. ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ನಿಮ್ಮ ಫೋನು ಹಿಡಿದು ಪ್ರತಿ ಪಿಲ್ಲರ್, ಬೀಮಿನ ಕಂಬಿಯನ್ನು ಅಳತೆ ಟೇಪು ಕಾಣುವಂತೆ ಚಿತ್ರ ತೆಗೆಯಿರಿ. ಕಂಬಿಗೂ ಅಚ್ಚಿನ ಹಲಗೆಗೂ ನಡುವೆ ಅಂತರ ಕಾಯಲು ಪಿಲ್ಲರಿಗೆ 40 ಮಿಲಿಮೀಟರ್ ಕವರ್ ಬ್ಲಾಕ್ ಕಟ್ಟಿದ್ದಾರೆಯೇ ನೋಡಿ, ಕಟ್ಟಿರದಿದ್ದರೆ ಮೇಸ್ತ್ರಿಗೆ ಹೇಳಿ ಕಟ್ಟಿಸಿ. ಚಿತ್ರಗಳಿಗೆ ತಾರೀಕು ಬರೆದು ಮನೆಯ ಪತ್ರಗಳ ಜೊತೆಗೇ ಇಟ್ಟುಕೊಳ್ಳಿ.