ಹಡಗಿನಿಂದಿಳಿದ ಒಂದು ಹಗಲು

ವಯಸ್ಸಾದ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಕ್ರೂಸ್‌ಗೆ ಹೋಗುವುದು ಬುದ್ಧಿವಂತಿಕೆಯ ಆಯ್ಕೆಯೇ. ದಿನಕ್ಕೊಂದು ಊರು ನೋಡಿದರೂ ಮಲಗುವ ಹಾಸಿಗೆ ಬದಲಾಗುವುದಿಲ್ಲ, ಪೆಟ್ಟಿಗೆ ಬಿಚ್ಚಿ ಕಟ್ಟುವ ತಾಪತ್ರಯವಿಲ್ಲ, ಲಿಫ್ಟ್ ಇದೆ, ವೈದ್ಯರಿದ್ದಾರೆ. ಈ ಕಾಳಜಿಯೆಲ್ಲ ಮುಗಿಯುವುದು ದಡದಲ್ಲಿ. ಗ್ರೀಸಿನ ಸ್ಯಾಂಟೊರಿನಿ ದ್ವೀಪವನ್ನೇ ನೋಡಿ. ಜ್ವಾಲಾಮುಖಿ ಕುಸಿದು ಉಂಟಾದ ಅಲ್ಲಿನ ಕೊಲ್ಲಿ ಬಲು ಆಳ. ದೊಡ್ಡ ಹಡಗು ದಡಕ್ಕೆ ತಾಗಿ ನಿಲ್ಲುವುದಿಲ್ಲ, ಜನರನ್ನು ಸಣ್ಣ ದೋಣಿಗಳಲ್ಲಿ ಇಳಿಸುತ್ತಾರೆ. ಸ್ವಂತವಾಗಿ ಹೊರಟವರು ಫಿರಾ ಊರಿನ ಬುಡದ ಹಳೆಯ ಬಂದರಿನಲ್ಲಿ ಇಳಿದರೆ ಮೇಲೇರಲು ಇರುವುದು ಮೂರೇ ದಾರಿ: 588 ಮೆಟ್ಟಿಲು, ಕತ್ತೆಯ ಬೆನ್ನು, ಇಲ್ಲವೇ 1979ರ ಕೇಬಲ್ ಕಾರು. ಮಂಡಿನೋವಿನವರಿಗೆ ಮೊದಲೆರಡೂ ಇಲ್ಲವೆಂದೇ ಲೆಕ್ಕ. ಕೇಬಲ್ ಕಾರು ಗಂಟೆಗೆ ಸಾಗಿಸುವುದು ಸುಮಾರು 1,200 ಜನರನ್ನು. ದಿನಕ್ಕೆ ಬರಬಹುದಾದ ಕ್ರೂಸ್ ಪ್ರಯಾಣಿಕರಿಗೆ ಹಾಕಿಕೊಂಡ ಮಿತಿಯೇ 8,000. ಬೆಳಿಗ್ಗೆ ಹಂಚಿಹೋಗಿ ಹತ್ತಿದವರೆಲ್ಲ ಮಧ್ಯಾಹ್ನ ಒಟ್ಟಿಗೇ ಇಳಿಯಲು ಬರುತ್ತಾರೆ. ಬ್ರೋಷರಿನಲ್ಲಿ ಅಲ್ಲಿನ ಇನ್ನೊಂದು ಊರಾದ ಓಯಾದ ನೀಲಿ ಗುಮ್ಮಟವಿರುತ್ತದೆ, ಈ ಕ್ಯೂ ಇರುವುದಿಲ್ಲ.

ಹಡಗಿನವರೇ ಮಾರುವ ಪ್ರವಾಸ ದುಬಾರಿ ಎಂದು ಬೈಯುವುದು ವಾಡಿಕೆ. ಆದರೂ ಅದರಲ್ಲೊಂದು ನಿಜವಾದ ಅನುಕೂಲವಿದೆ: ಅದರ ದೋಣಿ ಸಾಮಾನ್ಯವಾಗಿ ಅಥಿನಿಯೊಸ್ ಬಂದರಿಗೆ ಹೋಗುತ್ತದೆ, ಅಲ್ಲಿಗೆ ಬಸ್ಸೇ ಬರುತ್ತದೆ. ಹತ್ತುವ ಕಷ್ಟ ತಪ್ಪಿತು. ಕೆಡುವುದು ಆಮೇಲೆ. ಅರ್ಧ ದಿನದೊಳಗೆ ಓಯಾ, ವೈನ್ ತಯಾರಿಸುವ ಜಾಗ, ಫಿರಾದ ಅಂಗಡಿಬೀದಿ ಎಲ್ಲವನ್ನೂ ತುರುಕಿ, ಬಾವುಟ ಹಿಡಿದವರ ಹಿಂದೆ ಓಡಿಸುತ್ತಾರೆ. ನನ್ನ ತಕರಾರು ಇದರ ಬಗ್ಗೆ. ಹಿರಿಯರೊಂದಿಗಿನ ದಿನಕ್ಕೆ ಒಂದೇ ಜಾಗ ಸಾಕು. ಇಲ್ಲಿ ಅದು ಅಕ್ರೋತಿರಿ. 1967ರಲ್ಲಿ ಸ್ಪಿರಿಡಾನ್ ಮರಿನಾಟೊಸ್ ಅಗೆಯಲು ಆರಂಭಿಸಿದ, ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಬೂದಿಯಡಿ ಹೂತ ಪಟ್ಟಣ. ಈಗ ಅದಕ್ಕೆ ಪೂರ್ತಿ ಚಾವಣಿಯಿದೆ, ನೆರಳಿನಲ್ಲೇ ನಡೆದು ನೋಡಬಹುದು. ಧಾನ್ಯ, ಎಣ್ಣೆ ತುಂಬಿಡುತ್ತಿದ್ದ ಆಳೆತ್ತರದ ಮಡಕೆಗಳು ಸಾಲಾಗಿ ನಿಂತಿವೆ. ಒಂದು ಮನೆಯ ಕಲ್ಲಿನ ಮೆಟ್ಟಿಲುಗಳಂತೂ ಭೂಕಂಪಕ್ಕೆ ಸಿಕ್ಕಿ, ಒಂದರ ಮೇಲೊಂದು, ಸರಿಯಾಗಿ ನಡುವೆಯೇ ಸೀಳಿವೆ. ಅಲ್ಲಿ ನಿಂತು ನೋಡಲು ಹೊತ್ತು ಬೇಕು, ವೇಗ ಬೇಡ.

ಅಷ್ಟು ದೂರ ಹೋಗಿ ಓಯಾ ನೋಡದೆ ಬರುವುದೇ ಎಂದು ಕೇಳುವವರಿದ್ದಾರೆ. ಓಯಾದ ಚೆಲುವು ಸುಳ್ಳಲ್ಲ. ಆದರೆ ಅದು ಮೆಟ್ಟಿಲು ಮೆಟ್ಟಿಲಾದ ಇಕ್ಕಟ್ಟಿನ ಓಣಿಗಳ ಚೆಲುವು. ಬಂಡೆಯ ಅಂಚಿಗೆ ಸುಣ್ಣ ಬಳಿದಂತೆ ಕೂತ ಊರುಗಳ ನೋಟ ಹಡಗಿನ ಡೆಕ್ಕಿನಿಂದಲೇ ಧಾರಾಳವಾಗಿ ಸಿಗುತ್ತದೆ, ಅದೂ ಕುರ್ಚಿಯಲ್ಲಿ ಕೂತು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯದು: ಹಾಗಾದರೆ ಹಿರಿಯರನ್ನು ಹಡಗಿನಲ್ಲೇ ಬಿಟ್ಟು ಹೋದರಾಗದೇ? ಅವರಿಗೇ ಅದು ಇಷ್ಟವಾದರೆ ಆದೀತು. ಆದರೆ ‘ನೀವು ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ’ ಎಂಬ ಮಾತು ನಮ್ಮ ಮನೆಗಳಲ್ಲಿ ಅನೇಕ ಸಲ ಸಂಕೋಚದಿಂದ ಬರುತ್ತದೆ. ಅದನ್ನು ಒಪ್ಪಿಗೆ ಎಂದುಕೊಂಡು ಹೊರಟುಬಿಡುವುದು ಮಕ್ಕಳಿಗೆ ಅನುಕೂಲವಾದ ಓದು, ಅಷ್ಟೇ.

ಹೀಗೆ ತುರುಕಿ ಓಡಿಸುವುದು ಗ್ರೀಸಿನವರ ದೋಷವೊಂದೇ ಅಲ್ಲ. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಹಡಗು ಧಕ್ಕೆಗೇ ತಾಗಿ ನಿಲ್ಲುತ್ತದೆ. ಆದರೂ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಗೋಡಂಬಿ ಕಾರ್ಖಾನೆ ಎಲ್ಲವನ್ನೂ ಒಂದೇ ಹಗಲಿಗೆ ಜೋಡಿಸುವ ಅವಸರ ಅಲ್ಲೂ ಇದೆ. ಮತ್ತೆ ಸ್ಯಾಂಟೊರಿನಿಗೆ ಬಂದರೆ, ಅಲ್ಲಿ 2025ರ ಜುಲೈನಿಂದ, ಬೇಸಿಗೆಯ ತಿಂಗಳುಗಳಲ್ಲಿ ಇಳಿಯುವ ಪ್ರತಿ ಕ್ರೂಸ್ ಪ್ರಯಾಣಿಕರಿಂದ 20 ಯೂರೋ ವಸೂಲಿ ಮಾಡುತ್ತಿದ್ದಾರೆ. ಆ ಹಣದಲ್ಲಿ ಮೊದಲು ಆಗಬೇಕಾದ ಕೆಲಸ, ಕೇಬಲ್ ಕಾರಿನ ಕ್ಯೂ ಉದ್ದಕ್ಕೂ ಸಾಕಷ್ಟು ನೆರಳು, ಸಾಲಾಗಿ ಬೆಂಚು.